ಮೊಬೈಲ್ ಕದ್ದ ಹುಡುಗನನ್ನು ಯಾವ ಕೋರ್ಟಿಗೆ ಕರೆದೊಯ್ಯುತ್ತಾರೆ?

ಹದಿನೆಂಟು ತುಂಬದವರು ಸಿಕ್ಕಿಬಿದ್ದರೆ ಹೋಗುವುದು ಮಾಮೂಲಿ ಕೋರ್ಟಿಗಲ್ಲ, ಜಿಲ್ಲೆಯ ಬಾಲನ್ಯಾಯ ಮಂಡಳಿಗೆ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಇಂಥ ಮಂಡಳಿ ಇರಲೇಬೇಕು. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಪೊಲೀಸರು ಹುಡುಗನಿಗೆ ಕೋಳ ತೊಡಿಸುವಂತಿಲ್ಲ, ಲಾಕಪ್ಪಿಗೆ ಹಾಕುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ಕೋಣೆಯಲ್ಲಿ ಎತ್ತರದ ಪೀಠ ಇರಕೂಡದು, ಕಟಕಟೆಯೂ ಕೂಡದು. ಹುಡುಗ ಹೆದರದೆ ಬಾಯಿ ಬಿಡಲಿ ಎಂದೇ ಈ ಏರ್ಪಾಡು.

ತಪ್ಪು ಸಾಬೀತಾದರೆ ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಇಲ್ಲವೇ ಪರಿವೀಕ್ಷಣಾಧಿಕಾರಿಯ ನಿಗಾ. ವಿಶೇಷ ಗೃಹಕ್ಕೆ ಕಳಿಸಿದರೂ ಮಂಡಳಿ ಮೂರು ವರ್ಷ ಮೀರುವಂತಿಲ್ಲ. ಹದಿನಾರು ತುಂಬಿದವರ ಮೇಲೆ ಕೊಲೆ, ಅತ್ಯಾಚಾರದಂಥ ಘೋರ ಆರೋಪ ಬಂದಾಗ ಮಾತ್ರ ಪ್ರಾಥಮಿಕ ಮೌಲ್ಯಮಾಪನ ನಡೆಸಿ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಕಾಯ್ದೆಯಲ್ಲಿ ಅತಿ ಹೆಚ್ಚು ತಕರಾರು ಎದ್ದದ್ದು ಈ ಅಂಶದ ಮೇಲೆಯೇ. ಒಂದು ಮಗುವಿನ ಮನಸ್ಸು ಎಷ್ಟು ಬಲಿತಿದೆ ಎಂದು ಅಳೆಯುವುದು ಸುಲಭವಲ್ಲ.

ವಿಚಾರಣೆಗೆ ನಾಲ್ಕು ತಿಂಗಳ ಗಡುವು, ಬೇಕಾದರೆ ಇನ್ನೆರಡು. ಮೊಬೈಲ್ ಕಳವಿನಂಥ ಸಣ್ಣ ಪ್ರಕರಣ ಅಷ್ಟರೊಳಗೆ ಇತ್ಯರ್ಥವಾಗದಿದ್ದರೆ ತಾನಾಗಿಯೇ ಮುಗಿದುಹೋಗುತ್ತದೆ.