ಯಲಹಂಕದಲ್ಲಿ ಮಣ್ಣಿನ ತೇವ ಅಳೆಯುವ ನಮ್ಮ ಹುಡುಗ

ನಮ್ಮ ಮದ್ರಸದಲ್ಲಿ ಓದಿದ ಹುಡುಗನೊಬ್ಬ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನ ಯಲಹಂಕದ ಸಣ್ಣ ಕೃಷಿ ಸ್ಟಾರ್ಟ್‌ಅಪ್ ಒಂದರಲ್ಲಿ ಇದ್ದಾನೆ. ಒಟ್ಟು ಏಳು ಜನರ ಕಂಪೆನಿ. ಅವನ ಉಪ್ಪ ಅಡಿಕೆ ವ್ಯಾಪಾರಿ. "ಉಸ್ತಾದರೇ, ನೀವೊಮ್ಮೆ ಹೋಗಿ ಬುದ್ಧಿ ಹೇಳಿ. ದುಬೈಯಲ್ಲಿ ಅವನ ಮಾವ ಕೆಲಸ ನೋಡಿ ಇಟ್ಟಿದ್ದಾರೆ. ಇವನು ಮಣ್ಣಿಗೆ ಕಡ್ಡಿ ಚುಚ್ಚಿಕೊಂಡು ಕೂತಿದ್ದಾನೆ" ಎಂದರು. ಮದ್ರಸಕ್ಕೆ ರಜೆ ಸಿಕ್ಕಿದಾಗ ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆವು.

ಆಫೀಸೆಂದರೆ ಒಂದು ಮನೆಯ ಮಾಳಿಗೆ. ಒಂದು ಕೋಣೆಯಲ್ಲಿ ಕಂಪ್ಯೂಟರ್, ಇನ್ನೊಂದರಲ್ಲಿ ಬಕೆಟ್ ತುಂಬ ಬೇರೆ ಬೇರೆ ತೋಟದ ಮಣ್ಣು. ಇಂಥ ಕೆಲಸಕ್ಕೆ ಆ ಕಡೆ ಅನುಕೂಲವೂ ಇದೆ. ಬಳ್ಳಾರಿ ರಸ್ತೆಯಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ, ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಮುಂದೆ ಹೋದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳು. ಜಿಕೆವಿಕೆಯ ಕೃಷಿ ಮೇಳದಲ್ಲಿ ರೈತರು ಇವರನ್ನು ಕೇಳುವುದು ಎರಡೇ ಪ್ರಶ್ನೆಯಂತೆ: ಎಷ್ಟು ರೇಟು, ಕೆಟ್ಟರೆ ಯಾರು ಬರ್ತೀರಿ?

ಉಪ್ಪ ಹೇಳಿದ ಕಡ್ಡಿ ಬೇರಿನ ಆಳದಲ್ಲಿ ಕೂತು ಮಣ್ಣಿನ ತೇವ ಅಳೆದು ರೈತನ ಮೊಬೈಲಿಗೆ ಕಳಿಸುತ್ತದೆ. ಇನ್ನೊಂದು ಉಪಕರಣ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಎಂದು ನೋಡುತ್ತದೆ. ಎಲೆ ಒದ್ದೆಯಾಗಿಯೇ ಇದ್ದರೆ ದ್ರಾಕ್ಷಿಗೆ ಬೂಜು ರೋಗ ಬರುತ್ತದೆ, ಆ ಸೂಚನೆ ನೋಡಿಕೊಂಡು ಮದ್ದು ಬಿಟ್ಟರೆ ಖರ್ಚು ಉಳಿಯುತ್ತದೆ. ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಇದೆಯಲ್ಲ, ಅದು ಮೊದಲು ಬಂದದ್ದೇ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿಯ ಈ ರೋಗಕ್ಕೆ. ಅಡಿಕೆ ವ್ಯಾಪಾರಿಯ ಮಗ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು!

ವಾರದಲ್ಲಿ ನಾಲ್ಕು ದಿನ ಅವನಿಗೆ ತೋಟದಲ್ಲೇ ಕೆಲಸ. ಹೋದ ಬೇಸಿಗೆಯಲ್ಲಿ ಒಂದು ಕಡ್ಡಿಯನ್ನು ಹನಿ ನೀರು ಬೀಳುವ ಜಾಗಕ್ಕೆ ತೀರ ಹತ್ತಿರ ಹಾಕಿಬಿಟ್ಟಿದ್ದ. ತೋಟ ಒಣಗಿದರೂ ಮೊಬೈಲಿನಲ್ಲಿ "ತೇವ ಸಾಕಷ್ಟಿದೆ" ಎಂದೇ ಬರುತ್ತಿತ್ತು. ಅದನ್ನು ನಂಬಿ ರೈತ ನೀರು ಬಿಡಲಿಲ್ಲ, ಎರಡು ಸಾಲು ಬಾಡಿತು. ಸಿಮ್ ಸಿಗ್ನಲ್ ತಪ್ಪು ಅಂತ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವನು ಬೈಕಿನಲ್ಲಿ ಹೋಗಿ, "ನಾನೇ ತಪ್ಪು ಹಾಕಿದ್ದು" ಎಂದ. ರೈತ ಚೆನ್ನಾಗಿ ಬೈದರು. ಆ ವರ್ಷದ ಬಾಡಿಗೆ ಬೇಡವೆಂದು ಕಂಪೆನಿ ಬಿಟ್ಟಿತು. "ಅಳತೆಯಲ್ಲಿ ಮೋಸ ಮಾಡಬಾರದು ಅಂತ ನೀವೇ ಕಲಿಸಿದ್ದಲ್ಲವಾ ಉಸ್ತಾದ್" ಎಂದು ನಕ್ಕ. ನಾವು ಕಲಿಸಿದ್ದು ತಕ್ಕಡಿಯ ವಿಷಯ, ಅದು ಇಲ್ಲಿಗೂ ಬಂದು ಮುಟ್ಟಿದೆ.

ಆದರೆ ಸಂಬಳ ಎರಡು ತಿಂಗಳಿನದು ಬಾಕಿ. ಮಾಲಕ ಮೂವತ್ತು ದಾಟದ ಹುಡುಗ. ರೈತರು ಬೆಳೆ ಮಾರಿದ ಮೇಲೆಯೇ ಹಣ ಕೊಡುತ್ತಾರೆ, ತಾನೂ ಸಂಬಳ ತೆಗೆದಿಲ್ಲ ಎಂದು ಲೆಕ್ಕ ತೋರಿಸಿದ. ಸುಳ್ಳು ಹೇಳುವವನ ಹಾಗೆ ಕಾಣಲಿಲ್ಲ. ಆದರೂ ದುಡಿದವನ ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂಬುದು ನಮ್ಮ ಪ್ರವಾದಿಯವರ ಮಾತು, ಸ್ಟಾರ್ಟ್‌ಅಪ್‌ಗೆ ಬೇರೆ ಕಾನೂನಿಲ್ಲ ಎಂದು ನೇರ ಹೇಳಿದೆವು. ಬಾಕಿ ಎಷ್ಟು, ಯಾವಾಗ ಎಂದು ಬರೆದುಕೊಟ್ಟ.

ವಾಪಸ್ ಬಸ್ಸಿನಿಂದ ಉಪ್ಪನಿಗೆ ಫೋನ್ ಮಾಡಿ ಬಾಕಿಯ ವಿಷಯವೂ ಸೇರಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಬರುವ ರಮಳಾನ್‌ವರೆಗೆ ನೋಡುತ್ತೇನೆ ಎಂದಿದ್ದಾನೆ ಮಗ. ಉಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ದುಬೈಗೆ ಏನು ಹೇಳಲಿ ಉಸ್ತಾದರೇ?" ಎಂದರು ಆಮೇಲೆ. ರಮಳಾನ್‌ವರೆಗೆ ಕಾಯಲು ಹೇಳಿ ಎಂದೆವು.