ಐಷಾರಾಮಿ ಹೈಬ್ರಿಡ್ ಕಾರು: ಕೊಳ್ಳುವ ಮುನ್ನ ಹೋಲಿಸುವುದು ಹೇಗೆ?

'ಹೈಬ್ರಿಡ್' ಎಂಬ ಪದ ನಮ್ಮ ರೈತರಿಗೆ ಹೊಸದಲ್ಲ. ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿ, ಹೈಬ್ರಿಡ್ ಟೊಮೆಟೊ ಎಲ್ಲರಿಗೂ ಗೊತ್ತು. ಎರಡು ತಳಿಗಳ ಒಳ್ಳೆಯ ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ಅದರ ಉದ್ದೇಶ. ಕಾರಿನಲ್ಲಿ ಹೀಗೆ ಕೂಡುವುದು ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರು. ಆದರೆ ಅನುಭವಸ್ಥ ರೈತ ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳುವುದಿಲ್ಲ. ತನ್ನ ಹೊಲದ ಮಣ್ಣು ಎಂಥದು, ನೀರೆಷ್ಟಿದೆ ಎಂದು ಯೋಚಿಸುತ್ತಾನೆ. ನಲವತ್ತು ಐವತ್ತು ಲಕ್ಷ ರೂಪಾಯಿ ಕೊಟ್ಟು ಹೈಬ್ರಿಡ್ ಕಾರು ಕೊಳ್ಳುವವರು ಮಾತ್ರ ಅನೇಕ ವೇಳೆ ಕಿರುಹೊತ್ತಿಗೆಯಲ್ಲಿರುವ ಮೈಲೇಜ್ ಮತ್ತು ಅಶ್ವಶಕ್ತಿಯ ಅಂಕಿಗಳನ್ನಷ್ಟೇ ಹೋಲಿಸಿ ತೀರ್ಮಾನಿಸುತ್ತಾರೆ. ಈ ಎರಡು ಅಂಕಿಗಳು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ಇಲ್ಲಿ ನೋಡೋಣ.

ಉದಾಹರಣೆಗೆ ಮೂರು ಕಾರುಗಳನ್ನು ತೆಗೆದುಕೊಳ್ಳೋಣ. ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಜೋಡಣೆಯಾಗುತ್ತ ಬಂದಿದೆ. ಲೆಕ್ಸಸ್ ಇಎಸ್ 300ಎಚ್ ಕಾರಿನ ಸ್ಥಳೀಯ ತಯಾರಿಕೆ 2020ರ ಆರಂಭದಲ್ಲಿ ಪ್ರಕಟವಾಯಿತು. ಹೋಂಡಾ ಅಕಾರ್ಡ್ ಹೈಬ್ರಿಡ್ 2016ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದಿತು. 2020ರಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಅದರ ಮಾರಾಟ ಇಲ್ಲಿ ಮುಂದುವರಿಯಲಿಲ್ಲವಾದ್ದರಿಂದ, ಅದನ್ನು ನೋಡುವವರು ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ನೋಡಬೇಕು.

ಇಂಧನ ಉಳಿಯುವುದು ಹೇಗೆ?

ಸಾಮಾನ್ಯ ಕಾರಿನಲ್ಲಿ ಬ್ರೇಕ್ ಹಾಕಿದಾಗ ಕಾರಿನ ಚಲನಶಕ್ತಿ ಘರ್ಷಣೆಯಿಂದ ಶಾಖವಾಗಿ ಗಾಳಿಗೆ ಸೇರುತ್ತದೆ. 1,700 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 2,36,000 ಜೂಲ್. ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರಗಳು ಮೋಟರನ್ನು ತಿರುಗಿಸುತ್ತವೆ. ಮೋಟರು ಆಗ ಜನರೇಟರಿನಂತೆ ವರ್ತಿಸಿ, ಈ ಶಕ್ತಿಯ ದೊಡ್ಡ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಇದು ಮೊದಲನೆಯ ಉಳಿತಾಯ.

ಎರಡನೆಯದು ಎಂಜಿನ್ನಿನ ವಿಶ್ರಾಂತಿ. ಸಿಗ್ನಲಿನಲ್ಲಿ ನಿಂತಾಗ, ದಟ್ಟಣೆಯಲ್ಲಿ ತೆವಳುವಾಗ ಎಂಜಿನ್ ತಾನಾಗಿ ಆರಿಹೋಗುತ್ತದೆ.

ಮೂರನೆಯದು ಎಂಜಿನ್ನಿನ ರಚನೆ. ಈ ಮೂರೂ ಕಾರುಗಳಲ್ಲಿ ಅಟ್ಕಿನ್‌ಸನ್ ಆವರ್ತದ ಎಂಜಿನ್ನುಗಳಿವೆ. ಇವುಗಳಲ್ಲಿ ಒಳಸೇರುವ ಅನಿಲ ಸಂಕೋಚಿಸುವುದಕ್ಕಿಂತ ಹೆಚ್ಚು ದೂರ ಹಿಗ್ಗುವುದರಿಂದ, ಶಾಖದ ಹೆಚ್ಚು ಭಾಗ ಕೆಲಸವಾಗಿ ಬದಲಾಗುತ್ತದೆ. 2018ರ ನಂತರದ ಕ್ಯಾಮ್ರಿ ಮತ್ತು ಇಎಸ್ ಕಾರುಗಳ 2.5 ಲೀಟರ್ ಎಂಜಿನ್ನಿನ ಗರಿಷ್ಠ ಉಷ್ಣದಕ್ಷತೆ ಶೇಕಡ 41 ಎಂದು ಟೊಯೊಟಾ ಹೇಳಿದೆ. ಇಂಥ ಎಂಜಿನ್ನಿಗೆ ಕೆಳವೇಗದಲ್ಲಿ ಎಳೆತ ಕಡಿಮೆ. ಆ ಕೊರತೆಯನ್ನು ಮೋಟರು ತುಂಬುತ್ತದೆ.

ಒಂದೇ ಹೆಸರು, ಬೇರೆ ಬೇರೆ ಯಂತ್ರ

ಟೊಯೊಟಾ ಮತ್ತು ಲೆಕ್ಸಸ್ ಕಾರುಗಳ ಜೀವಾಳ ಗ್ರಹಮಂಡಲದಂತೆ ಜೋಡಿಸಿದ ಒಂದು ಗಿಯರ್ ಸಮೂಹ. ನಡುವಿನ 'ಸೂರ್ಯ' ಗಿಯರಿಗೆ ಜನರೇಟರ್, 'ಗ್ರಹ' ಗಿಯರುಗಳನ್ನು ಹಿಡಿದಿರುವ ಚೌಕಟ್ಟಿಗೆ ಎಂಜಿನ್, ಹೊರವರ್ತುಲಕ್ಕೆ ಮೋಟರು ಮತ್ತು ಚಕ್ರಗಳ ಸಂಪರ್ಕವಿರುತ್ತದೆ. ಎಂಜಿನ್ನಿನ ಶಕ್ತಿ ಎರಡಾಗಿ ಹಂಚಿಹೋಗುತ್ತದೆ: ಒಂದು ಪಾಲು ನೇರವಾಗಿ ಚಕ್ರಕ್ಕೆ, ಇನ್ನೊಂದು ಪಾಲು ವಿದ್ಯುತ್ತಾಗಿ ಮೋಟರಿಗೆ. ಕ್ಲಚ್ ಇಲ್ಲ, ಗಿಯರ್ ಬದಲಿಸುವ ಕೆಲಸವೂ ಇಲ್ಲ.

ಹೋಂಡಾ ಅಕಾರ್ಡ್ ಹಿಡಿದ ದಾರಿ ಬೇರೆ. ನಗರದಲ್ಲಿ ಅದರ ಎಂಜಿನ್ ಚಕ್ರವನ್ನು ತಿರುಗಿಸುವುದೇ ಇಲ್ಲ. ಎಂಜಿನ್ ಜನರೇಟರನ್ನು ನಡೆಸುತ್ತದೆ, ಜನರೇಟರಿನ ವಿದ್ಯುತ್ತು ಮೋಟರನ್ನು ನಡೆಸುತ್ತದೆ, ಮೋಟರು ಚಕ್ರವನ್ನು ತಿರುಗಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರವಾಗಿ ಚಕ್ರಕ್ಕೆ ಜೋಡಿಸುತ್ತದೆ. ವಿದ್ಯುತ್ತಾಗಿ ಪರಿವರ್ತಿಸುವಾಗ ಆಗುವ ನಷ್ಟ ಆಗ ತಪ್ಪುತ್ತದೆ.

ಇನ್ನು ಕೆಲವು ಐಷಾರಾಮಿ ಕಾರುಗಳಲ್ಲಿ 48 ವೋಲ್ಟಿನ 'ಮೈಲ್ಡ್ ಹೈಬ್ರಿಡ್' ವ್ಯವಸ್ಥೆ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್-ಬೆಂಝ್ ಇ-ಕ್ಲಾಸ್ ಇದಕ್ಕೆ ಉದಾಹರಣೆ. ಇಂಥ ಕಾರಿನ ಸಣ್ಣ ಮೋಟರು ಎಂಜಿನ್ನಿಗೆ ಹೆಗಲು ಕೊಡುತ್ತದೆ, ಅದನ್ನು ನಯವಾಗಿ ಚಾಲೂ ಮಾಡುತ್ತದೆ. ಕ್ಯಾಮ್ರಿಯಂತೆ ಎಂಜಿನ್ ಆರಿಸಿ ಬರಿಯ ವಿದ್ಯುತ್ತಿನಿಂದ ಊರೊಳಗೆ ಓಡಿಸುವುದು ಅದರ ಕೆಲಸವಲ್ಲ. ಕೇಂದ್ರ ಸರ್ಕಾರವೂ 2017ರ ಏಪ್ರಿಲ್ 1ರಿಂದ ಫೇಮ್ ಯೋಜನೆಯ ಪ್ರೋತ್ಸಾಹಧನವನ್ನು ಮೈಲ್ಡ್ ಹೈಬ್ರಿಡ್ ವಾಹನಗಳಿಗೆ ನಿಲ್ಲಿಸಿತು. ಆದ್ದರಿಂದ ಮಳಿಗೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: 'ಎಂಜಿನ್ ಆರಿದ್ದಾಗ ಈ ಕಾರು ಚಲಿಸುತ್ತದೆಯೇ?'

ಹೊರದೇಶಗಳಲ್ಲಿರುವ ನಮ್ಮವರಿಗೆ ನಾಲ್ಕನೆಯ ಬಗೆಯೂ ಎದುರಾಗಬಹುದು. ಅದು ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ಹೈಬ್ರಿಡ್. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು, ದಿನವೂ ತಪ್ಪದೆ ಮಾಡುವವರಿಗೆ ಅದು ಲಾಭದಾಯಕ. ಇಲ್ಲವಾದರೆ ಅದರ ದೊಡ್ಡ ಬ್ಯಾಟರಿ ಹೊತ್ತು ತಿರುಗುವ ಭಾರವಷ್ಟೆ.

ಅಶ್ವಶಕ್ತಿಯನ್ನು ಕೂಡಿಸಬೇಡಿ

ಅಕಾರ್ಡ್ ಕಾರಿನ ಎಂಜಿನ್ 145 ಅಶ್ವಶಕ್ತಿಯದು, ಮೋಟರು 184 ಅಶ್ವಶಕ್ತಿಯದು. ಕೂಡಿದರೆ 329 ಆಗಬೇಕಲ್ಲವೇ? ಕಂಪನಿ ಕೊಟ್ಟ ಒಟ್ಟು ಅಂಕಿ ಕೇವಲ 215. ಇದರಲ್ಲಿ ಮೋಸವೇನೂ ಇಲ್ಲ. ಮೋಟರಿಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಉತ್ಪಾದಿಸುವುದು ಅದೇ ಎಂಜಿನ್. ಒಂದೇ ಶಕ್ತಿಯನ್ನು ಎರಡು ಸಲ ಎಣಿಸುವಂತಿಲ್ಲ. ಉಳಿದದ್ದು ಚಿಕ್ಕ ಬ್ಯಾಟರಿ ಒಮ್ಮೆಗೆ ಎಷ್ಟು ಕೊಡಬಲ್ಲದು ಎಂಬುದನ್ನು ಅವಲಂಬಿಸಿದೆ. 2019ರ ಕ್ಯಾಮ್ರಿಯ ಎಂಜಿನ್ 178 ಅಶ್ವಶಕ್ತಿಯದು, ಒಟ್ಟು 218. ಅದೇ ಕಾಲದ ಇಎಸ್ 300ಎಚ್ ಕಾರಿನದೂ 218. ಏಕೆಂದರೆ ಎರಡರ ಎಂಜಿನ್ ಮತ್ತು ಹೈಬ್ರಿಡ್ ವ್ಯವಸ್ಥೆ ಒಂದೇ ಮನೆತನದವು. ಲೆಕ್ಸಸ್‌ಗೆ ಕೊಡುವ ಹೆಚ್ಚಿನ ಬೆಲೆ ನಿಶ್ಶಬ್ದತೆ, ಆಸನ ಹಾಗೂ ಒಳಾಂಗಣದ ಕೆಲಸಗಾರಿಕೆಗೆ, ಎಂಜಿನ್ನಿಗಲ್ಲ.

ನಿಮ್ಮ ರಸ್ತೆ ಯಾವುದು?

ಪದೇ ಪದೇ ನಿಂತು ಹೊರಡುವ ಬೆಂಗಳೂರಿನ ರಸ್ತೆಗಳಲ್ಲಿ ಹೈಬ್ರಿಡ್‌ಗೆ ಸುಗ್ಗಿ. ಪ್ರತಿ ಬ್ರೇಕಿನಲ್ಲೂ ಶಕ್ತಿ ಮರಳುತ್ತದೆ, ಎಂಜಿನ್ ಬಹಳ ಹೊತ್ತು ಆರಿರುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ 100 ಕಿ.ಮೀ. ವೇಗದಲ್ಲಿ ಸಾಗುವಾಗ ಪರಿಸ್ಥಿತಿ ಬೇರೆ. ಗಾಳಿಯ ತಡೆ ಮತ್ತು ಟಯರುಗಳ ಉರುಳು ಘರ್ಷಣೆಯನ್ನು ಎದುರಿಸಲು ಇಂಥ ಕಾರಿಗೆ ಸುಮಾರು 12-13 ಕಿಲೋವಾಟ್ ಸಾಕು. ಆದರೆ ಬ್ರೇಕೇ ಹಾಕದಿದ್ದರೆ ಮರಳಿ ಪಡೆಯುವುದೇನನ್ನು? ಅಲ್ಲಿ ಎಂಜಿನ್ನಿನ ದಕ್ಷತೆಯೇ ಗತಿ.

ಘಟ್ಟದ ರಸ್ತೆ ಇನ್ನೊಂದು ಪಾಠ ಹೇಳುತ್ತದೆ. ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ 1,700 ಕಿಲೋಗ್ರಾಂ ಕಾರಿನಿಂದ ಬಿಡುಗಡೆಯಾಗುವ ವಿಭವಶಕ್ತಿ ಸುಮಾರು 2.3 ಕಿಲೋವಾಟ್-ಗಂಟೆ, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 2.3 ಯೂನಿಟ್. ಅಕಾರ್ಡ್ ಬ್ಯಾಟರಿಯ ಒಟ್ಟು ಸಾಮರ್ಥ್ಯ 1.3 ಯೂನಿಟ್. ಅದರಲ್ಲೂ ಬಾಳಿಕೆಯ ದೃಷ್ಟಿಯಿಂದ ಬಳಕೆಗೆ ಬಿಡುವುದು ಒಂದು ಭಾಗ ಮಾತ್ರ. ಹೀಗಾಗಿ ಅರ್ಧ ಘಾಟಿ ಇಳಿಯುವಷ್ಟರಲ್ಲೇ ಬ್ಯಾಟರಿ ತುಂಬಿಬಿಡಬಹುದು. ಆಮೇಲೆ ಮಾಮೂಲಿನಂತೆ ಎಂಜಿನ್ ತಡೆ ಮತ್ತು ಬ್ರೇಕುಗಳೇ ಆಧಾರ. ಹೈಬ್ರಿಡ್ ಎಂದು ಧೈರ್ಯ ತಾಳಿ ಇಳಿಜಾರಿನಲ್ಲಿ ವೇಗವಾಗಿ ಇಳಿಯಬಾರದು.

ಮೈಲೇಜಿನ ಲೆಕ್ಕ

ಪ್ರಮಾಣಿತ ಪರೀಕ್ಷೆಯಲ್ಲಿ 2019ರ ಕ್ಯಾಮ್ರಿಗೆ ಲೀಟರಿಗೆ 23.27 ಕಿ.ಮೀ., ಇಎಸ್ 300ಎಚ್ ಕಾರಿಗೆ 22.37 ಕಿ.ಮೀ., ಅಕಾರ್ಡ್‌ಗೆ 23.1 ಕಿ.ಮೀ. ಎಂದು ಪ್ರಕಟವಾಗಿತ್ತು. 2024ರ ಡಿಸೆಂಬರಿನಲ್ಲಿ 48 ಲಕ್ಷ ರೂಪಾಯಿಗೆ ಬಿಡುಗಡೆಯಾದ ಹೊಸ ಕ್ಯಾಮ್ರಿಯ ಅಂಕಿ 25.49. ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದ ಕ್ರಮದಲ್ಲಿ. ಬೇಸಿಗೆಯ ಬಿಸಿಲು, ಏ.ಸಿ., ಗುಂಡಿಗಳು ಅಲ್ಲಿಲ್ಲ. ಆದ್ದರಿಂದ ಈ ಅಂಕಿಗಳನ್ನು ಪರಸ್ಪರ ಹೋಲಿಕೆಗೆ ಬಳಸಬಹುದು, ನಿಮ್ಮ ತಿಂಗಳ ಖರ್ಚಿನ ಲೆಕ್ಕಕ್ಕಲ್ಲ.

ಹೋಲಿಸುವಾಗಲೂ ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುವ ಬದಲು, ವರ್ಷಕ್ಕೆ ಎಷ್ಟು ಲೀಟರ್ ಎಂದು ನೋಡಿ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ ಆಗಿನ ಕ್ಯಾಮ್ರಿಗೂ ಇಎಸ್‌ಗೂ ಇರುವ ವ್ಯತ್ಯಾಸ ಸುಮಾರು 26 ಲೀಟರ್ ಮಾತ್ರ. ಇಷ್ಟಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಅದೇ, ಲೀಟರಿಗೆ 12 ಕಿ.ಮೀ. ಕೊಡುವ ಪೆಟ್ರೋಲ್ ಕಾರಿನ ಬದಲು ನಿಜರಸ್ತೆಯಲ್ಲಿ 18 ಕಿ.ಮೀ. ಕೊಡುವ ಹೈಬ್ರಿಡ್ ಕೊಂಡರೆ ಉಳಿಯುವುದು ಸುಮಾರು 417 ಲೀಟರ್. ಲೀಟರಿಗೆ 100 ರೂಪಾಯಿ ಎಂದರೂ ವರ್ಷಕ್ಕೆ 41,700 ರೂಪಾಯಿ. ಹೈಬ್ರಿಡ್‌ಗೆ ಹತ್ತು ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎನ್ನೋಣ. ಅದು ಮರಳಲು ಇಪ್ಪತ್ನಾಲ್ಕು ವರ್ಷ ಬೇಕು! ಹಣ ಉಳಿಸಲೆಂದೇ ಐಷಾರಾಮಿ ಹೈಬ್ರಿಡ್ ಕೊಳ್ಳುವುದು ಲೆಕ್ಕಕ್ಕೆ ನಿಲ್ಲದ ಮಾತು. ಕಡಿಮೆ ಹೊಗೆ, ಸದ್ದಿಲ್ಲದ ನಗರ ಪ್ರಯಾಣ, ಪೆಟ್ರೋಲ್ ಬಂಕಿಗೆ ಕಡಿಮೆ ಭೇಟಿ, ಇವು ನಿಮಗೆ ಬೆಲೆಯುಳ್ಳವಾದರೆ ಮಾತ್ರ ಆ ಹೆಚ್ಚಿನ ಹಣಕ್ಕೆ ಅರ್ಥವಿದೆ.

ಹಳೆಯ ಕಾರು ಕೊಳ್ಳುವವರಿಗೆ

ದೊಡ್ಡ ಬ್ಯಾಟರಿಯ ವಾರಂಟಿ ಎಷ್ಟು ಉಳಿದಿದೆ ಎಂಬುದನ್ನು ಕಾಗದದಲ್ಲೇ ನೋಡಿ. ಅಧಿಕೃತ ಕಾರ್ಯಾಗಾರದಲ್ಲಿ ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಿ ವರದಿ ಪಡೆಯಿರಿ. ಬ್ಯಾಟರಿಯನ್ನು ತಂಪಾಗಿಡಲು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಕಿಂಡಿ ಕ್ಯಾಮ್ರಿಯಂಥ ಕಾರುಗಳಲ್ಲಿ ಹಿಂದಿನ ಆಸನದ ಬಳಿ ಇರುತ್ತದೆ. ಅದು ಧೂಳಿನಿಂದ ಮುಚ್ಚಿದ್ದರೆ ಬ್ಯಾಟರಿ ಬಿಸಿಯಾಗಿ ಬೇಗ ಸೊರಗುತ್ತದೆ. ಮಾಮೂಲಿ 12 ವೋಲ್ಟ್ ಬ್ಯಾಟರಿಯನ್ನೂ ಅಲಕ್ಷಿಸಬೇಡಿ. ಅದು ಸತ್ತರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರಿನ ಗಣಕ ಎಚ್ಚರಗೊಳ್ಳದೆ ಕಾರು ಹೊರಡುವುದಿಲ್ಲ. ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ತರಬೇತಿ ಇಲ್ಲದವರು ಮುಟ್ಟಲೇಬಾರದು.

ಕೊನೆಗೆ ಒಂದು ಮಾತು. ಮಳಿಗೆಯವರು ಕರೆದೊಯ್ಯುವ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ತೀರ್ಮಾನಿಸಬೇಡಿ. ನೀವು ದಿನವೂ ಹೋಗುವ ದಾರಿಯಲ್ಲಿ, ದಿನವೂ ಹೋಗುವ ಹೊತ್ತಿನಲ್ಲಿ, ಏ.ಸಿ. ಹಾಕಿಕೊಂಡು, ಪೈಪೋಟಿಯ ಎರಡೂ ಕಾರುಗಳನ್ನು ಓಡಿಸಿ ನೋಡಿ. ಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ತನ್ನ ಹೊಲದಲ್ಲಿ ಬೆಳೆಯುವ ಬೀಜವೇ ರೈತನಿಗೆ ಒಳ್ಳೆಯ ಬೀಜ. ಕಾರಿನ ಆಯ್ಕೆಯೂ ಹಾಗೆಯೇ.