ಎಲ್ಲರೂ ತಿದ್ದಬಲ್ಲ ವಿಶ್ವಕೋಶದಲ್ಲಿ ವಾದ ತೀರುವ ಬಗೆ

ನಮ್ಮ ನೀಲಗಿರಿಯಲ್ಲಿ ಒಂದು ಪ್ರಶ್ನೆಗೆ ಯಾವಾಗಲೂ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಬಡಗರ ಮಾತು ಕನ್ನಡದ ಒಂದು ಉಪಭಾಷೆಯೇ, ಇಲ್ಲವೆ ತಾನೇ ಒಂದು ಸ್ವತಂತ್ರ ಭಾಷೆಯೇ? ಅಧ್ಯಾಪಕರ ಕೊಠಡಿಯಲ್ಲಿ, ಮದುವೆಯ ಚಪ್ಪರದಲ್ಲಿ, ಬಸ್ ನಿಲ್ದಾಣದಲ್ಲಿ ಈ ವಾದವನ್ನು ನಾನು ಕೇಳಿದ್ದೇನೆ. ಅಲ್ಲೆಲ್ಲ ವಾದ ಮುಗಿಯುವುದು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ: ಹಿರಿಯರೊಬ್ಬರು ಗಂಟಲು ಎತ್ತರಿಸುತ್ತಾರೆ, ಇಲ್ಲವೆ ಊಟಕ್ಕೆ ಎಲೆ ಹಾಕುತ್ತಾರೆ. ಇದೇ ವಾದ ವಿಕಿಪೀಡಿಯವೆಂಬ ಅಂತರಜಾಲ ವಿಶ್ವಕೋಶದ ಪುಟದ ಮೇಲೆ ನಡೆದರೆ ಅದು ತೀರುವ ಬಗೆ ಯಾವುದು ಎಂಬುದನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ನಮ್ಮ ಮಕ್ಕಳು ತಮ್ಮ ಊರನ್ನೂ ಮಾತನ್ನೂ ಕುರಿತು ಮೊದಲು ಓದುವುದು ಇಂದು ಆ ಪುಟಗಳಲ್ಲೇ ಆದ್ದರಿಂದ ಇದು ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

ವಿಶ್ವಕೋಶವೆಂದೊಡನೆ ಹಳೆಯ ತಲೆಮಾರಿನವರಾದ ನಮ್ಮ ಕಣ್ಣ ಮುಂದೆ ಬರುವುದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. ಅದರ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ವಿಷಯತಜ್ಞರು ಬರೆದರು, ಸಂಪಾದಕರು ತಿದ್ದಿದರು, ಅನಂತರವೇ ಅಚ್ಚಿನ ಮನೆಗೆ ಹೋಯಿತು. ಭಿನ್ನಾಭಿಪ್ರಾಯವಿದ್ದರೆ ಅದು ಸಂಪಾದಕರ ಮೇಜಿನ ಮೇಲೆಯೇ ಇತ್ಯರ್ಥವಾಗುತ್ತಿತ್ತು. ಓದುಗನಿಗೆ ಅದರ ಸುಳಿವೂ ಸಿಗುತ್ತಿರಲಿಲ್ಲ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಪ್ರಾರಂಭವಾಗಿ, 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯದಲ್ಲಿ ಈ ಕ್ರಮ ತಲೆಕೆಳಗಾಯಿತು. ಇಲ್ಲಿ ಬರಹ ಮೊದಲು ಪ್ರಕಟವಾಗುತ್ತದೆ, ವಾದ ಅನಂತರ ನಡೆಯುತ್ತದೆ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಇನ್ನೊಬ್ಬರು ಅಳಿಸಬಹುದು. ಆದರೆ ಅಳಿಸಿದ್ದೂ ನಾಶವಾಗುವುದಿಲ್ಲ. ಪ್ರತಿಯೊಂದು ಪುಟದ ಬೆನ್ನಿಗೂ ಅದರ ‘ಇತಿಹಾಸ’ವಿರುತ್ತದೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದವನ್ನು ಯಾವ ಸದಸ್ಯರು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ನಮ್ಮ ಪಂಚಾಯಿತಿಗಳಲ್ಲಿ ಇಂಥದೊಂದು ಕಡತವಿದ್ದಿದ್ದರೆ ಎಷ್ಟು ಮನಸ್ತಾಪಗಳು ಉಳಿಯುತ್ತಿದ್ದವೋ ಎಂದು ನನಗೆ ಅನ್ನಿಸಿದ್ದುಂಟು.

ಬಡಗ ನುಡಿಯ ಪುಟದಲ್ಲಿ ಒಬ್ಬರು ‘ಕನ್ನಡದ ಉಪಭಾಷೆ’ ಎಂದು ಬರೆದರೆಂದು ಭಾವಿಸೋಣ. ಮತ್ತೊಬ್ಬರು ಬಂದು ಅದನ್ನು ಅಳಿಸಿ ‘ಸ್ವತಂತ್ರ ಭಾಷೆ’ ಎಂದು ತಿದ್ದುತ್ತಾರೆ. ಮೊದಲಿನವರು ತಮ್ಮ ವಾಕ್ಯವನ್ನು ಮತ್ತೆ ತರುತ್ತಾರೆ. ಇದು ಹೀಗೆಯೇ ಸಾಗಿದರೆ ‘ಸಂಪಾದನಾ ಯುದ್ಧ’ ಎನ್ನಿಸಿಕೊಳ್ಳುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೊಂದು ಲಕ್ಷ್ಮಣರೇಖೆ ಇದೆ: ಒಬ್ಬರು ಒಂದು ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ತಿದ್ದುಪಡಿಯನ್ನು ರದ್ದು ಮಾಡುವಂತಿಲ್ಲ. ಮಾಡಿದರೆ, ಅವರ ಮಾತು ಸತ್ಯವೇ ಆಗಿದ್ದರೂ, ಸ್ವಲ್ಪ ಕಾಲ ಬರೆಯುವ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಜಗಳ ಹಲವರಿಗೆ ಹರಡಿದ್ದರೆ ‘ನಿರ್ವಾಹಕ’ರು ಪುಟಕ್ಕೇ ಬೀಗ ಹಾಕುತ್ತಾರೆ. ಬೀಗ ಬೀಳುವ ಹೊತ್ತಿಗೆ ಯಾರ ವಾಕ್ಯ ಇತ್ತೋ ಅದೇ ನಿಲ್ಲುತ್ತದೆ. ನಿರ್ವಾಹಕರು ಯಾವಾಗಲೂ ತಪ್ಪು ಪಾಠಕ್ಕೇ ಬೀಗ ಹಾಕುತ್ತಾರೆ ಎಂಬುದು ಅಲ್ಲಿನವರ ಹಳೆಯ ವಿನೋದ.

ಬೀಗ ಬಿದ್ದ ಮೇಲೆ ಉಳಿಯುವ ದಾರಿ ಪುಟದ ಜೊತೆಗೇ ಇರುವ ‘ಚರ್ಚೆ’ಯ ಪುಟ ಮಾತ್ರ. ಅಲ್ಲಿ ಹೊಸಬರಿಗೆ ಮೊದಲ ಆಘಾತ ಕಾದಿರುತ್ತದೆ. ‘ನನ್ನ ತಾಯಿಯ ಮಾತು ಅದು, ನನಗೆ ಗೊತ್ತಿಲ್ಲವೇ?’ ಎಂದು ಕೇಳಿದರೆ ಉತ್ತರವಾಗಿ ಬರುವುದು ಇನ್ನೊಂದು ಪ್ರಶ್ನೆ: ‘ಎಲ್ಲಿ ಅಚ್ಚಾಗಿದೆ?’ ಈ ವಿಶ್ವಕೋಶ ಸತ್ಯವನ್ನು ತಾನೇ ತೀರ್ಮಾನಿಸುವ ಹೊಣೆ ಹೊರುವುದಿಲ್ಲ. ನಂಬಲರ್ಹವಾದ ಪ್ರಕಟಿತ ಆಧಾರಗಳು ಏನು ಹೇಳಿವೆ ಎಂಬುದನ್ನು ಮಾತ್ರ ಹೇಳುತ್ತದೆ. ಬರೆಯುವವರ ಸ್ವಂತ ಸಂಶೋಧನೆ ಅಲ್ಲಿ ಸಲ್ಲದು. ಆಧಾರಗಳೇ ಪರಸ್ಪರ ಭಿನ್ನವಾಗಿದ್ದರೆ ಆ ಭಿನ್ನತೆಯನ್ನು, ಅವುಗಳ ತೂಕಕ್ಕೆ ತಕ್ಕಂತೆ, ಪಕ್ಷ ವಹಿಸದೆ ನಿರೂಪಿಸಬೇಕು. ‘ಯಾರು ಸರಿ’ ಎಂಬ ಪ್ರಶ್ನೆಯನ್ನು ‘ಯಾರು, ಯಾವಾಗ, ಯಾವ ಆಧಾರದ ಮೇಲೆ ಏನು ಹೇಳಿದರು’ ಎಂಬ ಪ್ರಶ್ನೆಯಾಗಿ ಮಾರ್ಪಡಿಸುವುದರಲ್ಲಿಯೇ ಈ ಪದ್ಧತಿಯ ಜೀವ ಇದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಉದಾಹರಣೆಯನ್ನೇ ಪರಿಶೀಲಿಸೋಣ. ಉಪಭಾಷೆ ಎನ್ನುವವರ ಕೈಯಲ್ಲಿ ಬಲವಾದ ದಾಖಲೆಗಳಿವೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಅವರು ಬಡಗವನ್ನು ಕನ್ನಡದ ಒಂದು ಪ್ರಾಚೀನ ಉಪಭಾಷೆಯೆಂದೇ ಎಣಿಸಿದರು. ಭಾರತದ ಜನಗಣತಿ ಇಂದಿಗೂ ಬಡಗವನ್ನು ಕನ್ನಡದ ಶೀರ್ಷಿಕೆಯ ಅಡಿಯಲ್ಲಿಯೇ ತೋರಿಸುತ್ತದೆ. 2011ರ ಗಣತಿಯಲ್ಲಿ ಅದನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 1,33,000 ಮಂದಿ. 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಬಡಗ ನುಡಿಯ ಕ್ರೈಸ್ತ ಪುಸ್ತಕವೊಂದನ್ನು ಅಚ್ಚು ಮಾಡಿದಾಗ ಬಳಸಿದ್ದು ಕನ್ನಡ ಲಿಪಿಯನ್ನೇ. ‘ಬಡಗ’ ಎಂಬ ಹೆಸರೇ ಕನ್ನಡದ ‘ಬಡಗು’, ಅಂದರೆ ಉತ್ತರ ದಿಕ್ಕು, ಎಂಬ ಪದದಿಂದ ಬಂದದ್ದು; ಊರಿಗೆ ಅವರೂ ‘ಹಟ್ಟಿ’ ಎಂದೇ ಹೇಳುತ್ತಾರೆ.

ಸ್ವತಂತ್ರ ಭಾಷೆ ಎನ್ನುವವರ ಪಕ್ಷವೂ ಬರಿಗೈಯದಲ್ಲ. ಭಾಷಾವಿಜ್ಞಾನಿ ಎಮೆನೊ ಅವರು 1939ರಲ್ಲಿ ಬಡಗದ ಸ್ವರಗಳನ್ನು ಕುರಿತು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಅದನ್ನು ಭಾಷೆಯೆಂದು ಕರೆದರು. ಅವರು ಗುರುತಿಸಿದ ಸಂಗತಿ ಅಪರೂಪದ್ದು: ನಾಲಗೆಯನ್ನು ಮಡಿಸಿ ಉಚ್ಚರಿಸುವ ಸ್ವರಗಳು, ಅದರಲ್ಲಿಯೂ ಮಡಿಕೆಯ ಎರಡು ಹಂತಗಳು. ನಮ್ಮ ‘ಬಾಯಿ’, ‘ಬಳೆ’, ‘ಬೆಳೆ’ ಎಂಬ ಮೂರು ಬೇರೆ ಬೇರೆ ಪದಗಳು ಅವರು ದಾಖಲಿಸಿದ ಬಡಗದಲ್ಲಿ ಬಹುಮಟ್ಟಿಗೆ ನಾಲಗೆಯ ಮಡಿಕೆಯ ಹೆಚ್ಚುಕಡಿಮೆಯಿಂದಲೇ ಒಂದರಿಂದ ಒಂದು ಬೇರೆಯಾಗುತ್ತವೆ. ಇದನ್ನು ಬರೆದು ತೋರಿಸಲು ಕನ್ನಡ ಲಿಪಿಗೂ ಸಾಧ್ಯವಿಲ್ಲ, ತಮಿಳು ಲಿಪಿಗೂ ಸಾಧ್ಯವಿಲ್ಲ. ಮುಂದೆ 1992ರಲ್ಲಿ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು ಹೊರಬಂದಿತು. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಭೂಪಟದಲ್ಲಿ ಬಡಗಕ್ಕೆ ಪ್ರತ್ಯೇಕ ಸ್ಥಾನವಿದೆ. ಅಂತರರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿಯೂ ಇದೆ.

ಇಷ್ಟು ಆಧಾರಗಳನ್ನು ಎರಡೂ ಕಡೆಯವರು ಚರ್ಚೆಯ ಪುಟದಲ್ಲಿ ತಂದು ಸುರಿದ ಮೇಲೆ ವಾದದ ಸ್ವರೂಪವೇ ಬದಲಾಗುತ್ತದೆ. ಎರಡರಲ್ಲಿ ಒಂದನ್ನು ಅಳಿಸುವ ಮಾತು ಹಿಂದೆ ಸರಿದು, ಎರಡನ್ನೂ ಹೇಗೆ ಹೇಳುವುದು ಎಂಬುದು ಮುಂದೆ ಬರುತ್ತದೆ. ‘ಬಡಗವು ನೀಲಗಿರಿಯಲ್ಲಿ ಆಡುವ ದಕ್ಷಿಣ ದ್ರಾವಿಡ ನುಡಿ. ಜನಗಣತಿ ಇದನ್ನು ಕನ್ನಡದೊಳಗೆ ಸೇರಿಸಿದೆ. ಎಮೆನೊ ಮೊದಲಾದ ವಿದ್ವಾಂಸರು ಪ್ರತ್ಯೇಕ ಭಾಷೆಯೆಂದು ಪರಿಗಣಿಸಿದ್ದಾರೆ’ ಎಂದು ಬರೆದರೆ ಇಬ್ಬರೂ ಪೂರ್ಣವಾಗಿ ಸಂತೋಷಪಡಲಾರರು, ಆದರೆ ಇಬ್ಬರೂ ಇದನ್ನು ಸುಳ್ಳೆಂದು ಹೇಳಲಾರರು. ಇಲ್ಲಿ ‘ನುಡಿ’ ಎಂಬ ನಮ್ಮ ಪದ ಮಾಡುವ ಉಪಕಾರವನ್ನು ಗಮನಿಸಬೇಕು. ಭಾಷೆಗೂ ಸಲ್ಲುವ, ಉಪಭಾಷೆಗೂ ಸಲ್ಲುವ ಇಂಥ ಪದ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗದು.

ಹೀಗೆಯೂ ಒಮ್ಮತ ಬಾರದಿದ್ದರೆ ಸಂಬಂಧವಿಲ್ಲದ ಮೂರನೆಯವರ ಅಭಿಪ್ರಾಯ ಕೇಳಬಹುದು. ಅದೂ ಸಾಲದಾದರೆ ಸಮುದಾಯವನ್ನೇ ಕರೆದು ಅಭಿಪ್ರಾಯ ಸಂಗ್ರಹಿಸಬಹುದು. ಕೊನೆಯಲ್ಲಿ ತಲೆ ಎಣಿಸುವುದಿಲ್ಲ, ವಾದಗಳನ್ನು ತೂಗುತ್ತಾರೆ ಎಂಬುದು ನಿಯಮ. ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಮಂಡಳಿ ಕೂಡ ಪುಟದಲ್ಲಿ ಏನಿರಬೇಕೆಂದು ತೀರ್ಪು ಕೊಡುವುದಿಲ್ಲ. ಬರೆಯುವವರ ನಡತೆಯನ್ನು ಮಾತ್ರ ವಿಚಾರಿಸುತ್ತದೆ. ಆದರೂ ನಿಯಮಕ್ಕೆ ಅಪವಾದಗಳುಂಟು. ಪೋಲೆಂಡಿನ ಒಂದು ಬಂದರು ನಗರವನ್ನು ಪೋಲಿಷ್ ಹೆಸರಿನಿಂದ ಗ್ಡಾನ್ಸ್ಕ್ ಎನ್ನಬೇಕೇ, ಜರ್ಮನ್ ಹೆಸರಿನಿಂದ ಡಾನ್ಜಿಗ್ ಎನ್ನಬೇಕೇ ಎಂಬ ಜಗಳ ಯಾವ ಚರ್ಚೆಗೂ ಬಗ್ಗದಿದ್ದಾಗ 2005ರಲ್ಲಿ ಮತಕ್ಕೆ ಹಾಕಿ, ಕಾಲಘಟ್ಟಕ್ಕೆ ತಕ್ಕಂತೆ ಹೆಸರು ಬಳಸುವುದೆಂದು ತೀರ್ಮಾನಿಸಿದರು.

ಊಟಿ, ಒಟಕಮಂಡ್, ಉದಕಮಂಡಲ, ಉದಗಮಂಡಲಂ ಎಂದು ನಾಲ್ಕು ಹೆಸರುಗಳನ್ನು ಹೊತ್ತ ಊರಿನವರಾದ ನಮಗೆ ಆ ಜಗಳ ಹೊಸದೇನಲ್ಲ. ಊರಿನ ಹೆಸರಿನಲ್ಲಿರುವ ‘ಮಂಡ್’ ತೋದರ ನೆಲೆಗೆ ಸಲ್ಲುವ ಮಾತು. ಮೊದಲ ಭಾಗದ ಬಗ್ಗೆ ಹೇಳಿದವರ ಸಂಖ್ಯೆಯಷ್ಟೇ ವ್ಯುತ್ಪತ್ತಿಗಳಿವೆ. ಶೀರ್ಷಿಕೆಯ ವಿಷಯದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಅಳತೆಗೋಲು ಸರ್ಕಾರದ ಆಜ್ಞೆಯಲ್ಲ, ಆ ಭಾಷೆಯ ಬರಹದ ರೂಢಿ. ಆದಕಾರಣವೇ 2014ರ ನವೆಂಬರ್ 1ರಂದು ಬೆಂಗಳೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದ ಮೇಲೂ ಅಲ್ಲಿ ವರ್ಷಗಟ್ಟಲೆ ಹಳೆಯ ಹೆಸರೇ ಉಳಿದಿತ್ತು. ಭಾರತಕ್ಕೆ ಸಂಬಂಧಿಸಿದ ಪುಟಗಳ ಪೀಠಿಕೆಯಲ್ಲಿ ಊರಿನ ಹೆಸರನ್ನು ಯಾವ ಯಾವ ಲಿಪಿಯಲ್ಲಿ ಬರೆಯಬೇಕೆಂಬ ಜಗಳವೂ ಹಿಂದೆ ಕೊನೆ ಮೊದಲಿಲ್ಲದೆ ನಡೆಯುತ್ತಿತ್ತು. 2012ರಲ್ಲಿ ಅಲ್ಲಿನ ಸಮುದಾಯ ಭಾರತೀಯ ಲಿಪಿಗಳು ಪೀಠಿಕೆಯಲ್ಲಿ ಇರುವುದೇ ಬೇಡವೆಂದು ನಿರ್ಣಯಿಸಿತು. ತಮಿಳು, ಕನ್ನಡ, ಮಲಯಾಳಂ ಮೂರೂ ಕೂಡುವ ಗೂಡಲೂರಿನಂಥ ಊರಿನವರಿಗೆ ಈ ತೀರ್ಮಾನ, ಮಕ್ಕಳು ಜಗಳವಾಡಿದರೆಂದು ಆಟದ ಸಾಮಾನನ್ನೇ ಅಟ್ಟಕ್ಕೆ ಎಸೆದಂತೆ ಕಂಡರೆ ಆಶ್ಚರ್ಯವಿಲ್ಲ. ನನಗೂ ಅದು ಹಿಡಿಸಿಲ್ಲ. ಆದರೆ ಜಗಳ ನಿಂತದ್ದು ನಿಜ.

ಕನ್ನಡ ವಿಕಿಪೀಡಿಯದ ವ್ಯವಹಾರ ಬೇರೆ. ಅಲ್ಲಿ ನಿರ್ವಾಹಕರು ಕೈಬೆರಳೆಣಿಕೆಯಷ್ಟು, ನಿತ್ಯ ಬರೆಯುವವರೂ ಕೆಲವರೇ. ಎಲ್ಲರೂ ಕೂಡಿ ಮಾತನಾಡುವ ಪುಟಕ್ಕೆ ಅವರು ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಚೆಂದವಾಗಿದೆ, ಕಟ್ಟೆಯ ಗುಣದೋಷಗಳೂ ಅದರೊಡನೆ ಬಂದಿವೆ. ಪರಸ್ಪರ ಬಲ್ಲವರಾದ್ದರಿಂದ ಜಗಳ ಬೇಗ ತಣಿಯುತ್ತದೆ. ಮೂರನೆಯ ಅಭಿಪ್ರಾಯ ಹೇಳಲು ಮೂರನೆಯವರೇ ಇಲ್ಲದಿದ್ದರೆ ತಪ್ಪು ಹೇಳಿಕೆ ವರ್ಷಗಟ್ಟಲೆ ಹಾಗೆಯೇ ಕುಳಿತಿರುತ್ತದೆ.

ಈಗ ನಮಗೆ ನೋವು ತರುವ ಸಂಗತಿಗೆ ಬರುತ್ತೇನೆ. ಅಚ್ಚಾದದ್ದೇ ಆಧಾರ ಎಂಬ ನಿಯಮ ನೀಲಗಿರಿಯ ಮಟ್ಟಿಗೆ ಯಾರ ಕೈಗೆ ಅಧಿಕಾರ ಕೊಡುತ್ತದೆ? ಇಲ್ಲಿನ ಜನರ ಬಗ್ಗೆ ಅಚ್ಚಾದ ಹಳೆಯ ಪುಸ್ತಕಗಳನ್ನೆಲ್ಲ ಬಹುಪಾಲು ಬರೆದವರು ಹೊರಗಿನವರು: 1873ರ ಬ್ರೀಕ್ಸ್, 1906ರಲ್ಲಿ ತೋದರನ್ನು ಕುರಿತು ಬರೆದ ರಿವರ್ಸ್, 1908ರಲ್ಲಿ ಊಟಿಯ ಚರಿತ್ರೆ ಬರೆದ ಪ್ರೈಸ್, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ಹೊರತಂದ ಥರ್ಸ್ಟನ್. ಜಾತಿಯ ವಿಷಯದಲ್ಲಿ ಬ್ರಿಟಿಷ್ ಕಾಲದ ಇಂಥ ಗ್ರಂಥಗಳನ್ನು ನಂಬಲರ್ಹವೆಂದು ಒಪ್ಪದಿರುವ ರೂಢಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೆಳೆದಿದೆ. ಅದು ಯುಕ್ತವೇ. ಆದರೆ ಅವರನ್ನು ಹೊರಗಿಟ್ಟ ಮೇಲೆ ತೆರವಾದ ಜಾಗವನ್ನು ತುಂಬಲು ನಮ್ಮವರ ಅಚ್ಚಾದ ಬರಹ ಎಷ್ಟಿದೆ? ಹೆತ್ತೆ ಹಬ್ಬದ ಕ್ರಮವನ್ನು ಕಂಠಸ್ಥವಾಗಿ ಬಲ್ಲ ಅಜ್ಜಿಯ ಮಾತು ಚರ್ಚೆಯ ಪುಟದಲ್ಲಿ ಆಧಾರವಾಗುವುದಿಲ್ಲ. ಅವರಿಂದ ಕೇಳಿ, ಬರೆದು, ಅಚ್ಚು ಹಾಕಿಸಿದ ಪರದೇಶದ ವಿದ್ವಾಂಸರ ಪುಸ್ತಕ ಆಗುತ್ತದೆ.

ಈ ಅನ್ಯಾಯವನ್ನು ವಿಕಿಪೀಡಿಯದವರೂ ಕಾಣದೆ ಇಲ್ಲ. ಬೆಂಗಳೂರಿನ ಅಚಲ್ ಪ್ರಭಲ ಅವರು 2011ರಲ್ಲಿ, ಜನರ ಬಾಯಿಮಾತನ್ನೇ ಧ್ವನಿಮುದ್ರಿಸಿ ಆಧಾರವಾಗಿ ಬಳಸುವ ಪ್ರಯೋಗವೊಂದನ್ನು ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ನಡೆಸಿದರು. ಕೇರಳದ ಮಕ್ಕಳ ‘ಡಬ್ಬ ಕಳಿ’ ಎಂಬ ಆಟವನ್ನು ಆಡಿ ಬೆಳೆದವರು ಅಸಂಖ್ಯರಿದ್ದರೂ ಅದರ ಬಗ್ಗೆ ತೋರಿಸಲು ಪುಸ್ತಕವಿರಲಿಲ್ಲ. ಆಡಿದವರ ಮಾತೇ ಅಲ್ಲಿ ಆಧಾರವಾಯಿತು. ಧ್ವನಿಮುದ್ರಿಕೆಯನ್ನು ಇನ್ನೊಬ್ಬರು ಪರೀಕ್ಷಿಸುವುದು ಹೇಗೆ ಎಂಬ ಆಕ್ಷೇಪ ಬಂದಿತು. ಪ್ರಯೋಗ ಚರ್ಚೆಗೆ ಕಾರಣವಾಯಿತೇ ಹೊರತು ಸಾಮಾನ್ಯ ನಿಯಮವಾಗಲಿಲ್ಲ.

ಆದ್ದರಿಂದ ಸದ್ಯಕ್ಕೆ ಉಳಿಯುವ ದಾರಿ ಅಚ್ಚು ಹಾಕುವುದೇ. ಇಂಥ ಸ್ಮರಣ ಸಂಚಿಕೆ ಆಧಾರವಾಗಬಲ್ಲುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಶಾಲೆ ಯಾವ ವರ್ಷ ಆರಂಭವಾಯಿತು, ಯಾರು ಮುಖ್ಯೋಪಾಧ್ಯಾಯರಾಗಿದ್ದರು ಎಂಬಂಥ, ತಕರಾರಿಲ್ಲದ ಸಂಗತಿಗಳಿಗೆ ಆಗಬಹುದು. ಶಾಲೆ ಶ್ರೇಷ್ಠವಾದುದು ಎಂಬ ಹೊಗಳಿಕೆಗೆ ಖಂಡಿತ ಆಗದು, ಅದನ್ನು ಹೊರಗಿನವರು ಬರೆಯಬೇಕು. ಹಟ್ಟಿಯ ಹೆಸರುಗಳನ್ನೂ ಹಾಡುಗಳನ್ನೂ ಹಿರಿಯರಿಂದ ಕೇಳಿ ಬರೆದಿರುವ ವಿದ್ಯಾರ್ಥಿಗಳ ಬರಹಗಳಿಗೆ, ಹೇಳಿದವರ ಹೆಸರು, ಹಟ್ಟಿ, ಕೇಳಿ ಬರೆದ ದಿನಾಂಕ ಇವಿಷ್ಟನ್ನು ಕೆಳಗೆ ಸೇರಿಸಬೇಕೆಂದು ಸಂಪಾದಕ ಮಂಡಳಿಯನ್ನು ವಿನಂತಿಸುತ್ತೇನೆ. ಸಂಚಿಕೆಯ ಪ್ರತಿಗಳು ಅತಿಥಿಗಳ ಕೈಗೆ ಸೇರುವುದರ ಜೊತೆಗೆ ಊಟಿಯ ಗ್ರಂಥಾಲಯಕ್ಕೂ ಮೈಸೂರಿನ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೂ ತಲುಪಲಿ. ‘ಎಲ್ಲಿ ಅಚ್ಚಾಗಿದೆ?’ ಎಂದು ಚರ್ಚೆಯ ಪುಟದಲ್ಲಿ ಯಾರಾದರೂ ಕೇಳಿದ ದಿನ ನಮ್ಮ ಹುಡುಗಿಯೊಬ್ಬಳು ಪುಟಸಂಖ್ಯೆಯನ್ನು ಬರೆದು ಉತ್ತರಿಸುವಂತಿರಬೇಕು.